ನೋವಿಲ್ಲದೆ ಮೂತ್ರದಲ್ಲಿ ರಕ್ತ: ಬಣ್ಣದ ಕೆಲಸದವರು ಡಾಕ್ಟರನ್ನು ಕೇಳಿದ್ದು

ಬನಹಟ್ಟಿಯ ಮಗಳು: ಡಾಕ್ಟರ್ ಸರ, ನಮ್ಮಪ್ಪಗ 68 ವರ್ಷ. 1978ರಿಂದ 20 ವರ್ಷ ನೂಲಿಗೆ ಬಣ್ಣ ಹಾಕೋ ಕೆಲಸ ಮಾಡ್ಯಾರ. ಹೋದ ತಿಂಗಳು ಎರಡು ದಿನ ಮೂತ್ರ ಕೆಂಪಗ ಬಂತು. ನೋವಿಲ್ಲ, ಉರಿ ಇಲ್ಲ, ತಾನಾಗೇ ನಿಂತೈತಿ. ಕಲ್ಲು ಇರಬೇಕು, ಬಾರ್ಲಿ ನೀರು ಕುಡಸ್ರಿ ಅಂತಾರ ಎಲ್ಲರೂ. ಸ್ಕ್ಯಾನಿಂಗ್‌ನಾಗ ಏನೂ ಇಲ್ಲ. ಬಿಡಬಹುದೇನ್ರಿ?

ಡಾಕ್ಟರ್: ಬಿಡಬೇಡಿ ತಾಯಿ. ಬಣ್ಣದ ಪುಡಿ ಕೈಯಲ್ಲೇ ಕಲಸ್ತಿದ್ರಾ?

ಬನಹಟ್ಟಿಯ ಮಗಳು: ಹೌದ್ರಿ. ಮೊಣಕೈ ತನಕ ಕರ್ರಗ ಇರ್ತಿತ್ತು. ಅದೇ ಕೈಲೆ ರೊಟ್ಟಿ ಮುರೀತಿದ್ರು. ಬೀಡಿನೂ ಸೇದ್ತಿದ್ರು.

ಡಾಕ್ಟರ್: ಆ ಕಾಲದ ಹತ್ತಿ ಬಣ್ಣಗಳಲ್ಲಿ, ಅದರಲ್ಲೂ ಕರಿ ಬಣ್ಣದಲ್ಲಿ, ಬೆಂಜಿಡಿನ್ ಅನ್ನೋ ಕ್ಯಾನ್ಸರ್ ತರುವ ರಾಸಾಯನಿಕದಿಂದ ಮಾಡಿದವು ಬಹಳ ಇದ್ದವು. ಹೊಟ್ಟೆಗೆ ಹೋದರೆ ಕರುಳಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಬೆಂಜಿಡಿನ್ ಬಿಡಿಸುತ್ತವೆ. ಅದು ಮೂತ್ರಕ್ಕೆ ಇಳಿದು ಗಂಟೆಗಟ್ಟಲೆ ಮೂತ್ರಕೋಶದ ಒಳಪದರಕ್ಕೆ ತಾಗಿಕೊಂಡಿರುತ್ತೆ. ನಮ್ಮಲ್ಲಿ ಇಂಥ 42 ಬಣ್ಣ ನಿಷೇಧವಾಗಿದ್ದು 1993ರಲ್ಲಿ. ಕೆಲಸ ಬಿಟ್ಟು 20-30 ವರ್ಷ ಆದಮೇಲೂ ಮೂತ್ರಕೋಶದ ಕ್ಯಾನ್ಸರ್ ಕಾಣಿಸಿಕೊಳ್ಳಬಹುದು. ಅಪ್ಪನಿಗೆ ಅದೇ ಆಗಿದೆ ಅಂತ ನಾನು ಹೇಳ್ತಿಲ್ಲ. ಆದರೆ ಸಣ್ಣ ಗಡ್ಡೆ ಸ್ಕ್ಯಾನಿಂಗ್‌ನಲ್ಲಿ ತಪ್ಪಿಹೋಗುತ್ತೆ, ರಕ್ತ ನಿಂತಿತು ಅಂದರೆ ವಾಸಿಯಾಯಿತು ಅಂತಲ್ಲ. ಯೂರಾಲಜಿಸ್ಟ್ (ಮೂತ್ರದ ಕಾಯಿಲೆಗಳ ತಜ್ಞ) ಹತ್ತಿರ ಹೋಗಿ ಸಿಸ್ಟೋಸ್ಕೋಪಿ ಮಾಡಿಸಿ. ಮೂತ್ರದ ದಾರಿಯಲ್ಲೇ ಸಣ್ಣ ಕ್ಯಾಮೆರಾ ಬಿಟ್ಟು ನೋಡ್ತಾರೆ. ಗಡ್ಡೆ ಮೇಲ್ಪದರದಲ್ಲೇ ಇದ್ದರೆ ಹೊಟ್ಟೆ ಕೊಯ್ಯದೆ ಅದೇ ದಾರಿಯಿಂದ ತೆಗೆಯಬಹುದು. ಬಣ್ಣದ ಕೆಲಸ ಮಾಡಿದ್ದನ್ನು ಕೇಳದಿದ್ದರೂ ಹೇಳಿ, ಚೀಟಿಯಲ್ಲಿ ಬರೆಸಿ.

ನಿವೃತ್ತ ಮೇಷ್ಟ್ರು: ಫಾರ್ವರ್ಡ್: ಲಕ್ಷ್ಮಣ ಫಲದ ಎಲೆ ಕಷಾಯ ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿ! ಎಲ್ಲರಿಗೂ ಕಳಿಸಿ.

ಡಾಕ್ಟರ್: ಸುಳ್ಳು. ಕಷಾಯ ಕುಡಿಯುತ್ತಾ ಮೂರು ತಿಂಗಳು ಕಾದು ಬಂದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಅಳಿಸಿ.

ಪೆಟ್ರೋಲ್ ಬಂಕ್: 12 ವರ್ಷದಿಂದ ಪೆಟ್ರೋಲ್ ಹಾಕ್ತಿದ್ದೀನಿ. ರಕ್ತ ಪರೀಕ್ಷೆ ಬೇಕಾ ಸರ್?

ಮಾಜಿ ಸೂಪರ್‌ವೈಸರ್: ಸುಮ್ಮನೆ ಹೆದರಿಸಬೇಡಿ. ನಾನೂ ಬಣ್ಣ ಹಾಕೋ ಕಡೆಯೇ ಇದ್ದೆ, ನನಗೇನೂ ಆಗಿಲ್ಲ. ಎಲ್ಲಾ ಬೀಡಿ ಮಹಿಮೆ.

ಇಳಕಲ್ಲಿನವ: ನೀವು ಕುರ್ಚಿ ಮ್ಯಾಲೆ ಕುಂತಿದ್ರಿ. ಬಾನಿಯೊಳಗ ಕೈ ಇಟ್ಟಾವ್ರು ನಾವು. ಕೈಗವಸು ಕೇಳಿದ್ರ ಏನಂದಿದ್ರಿ, ನೆನಪೈತೇನು?

ಮಾಜಿ ಸೂಪರ್‌ವೈಸರ್: ಬಾಯಿಗೆ ಬಂದಂಗೆ ಮಾತಾಡಬೇಡ.

ಡಾಕ್ಟರ್: ಬೀಡಿಯೂ ಕಾರಣ, ಬಣ್ಣವೂ ಕಾರಣ. ಎರಡೂ ಸೇರಿದರೆ ಅಪಾಯ ಹೆಚ್ಚು. ಬಣ್ಣದ ಕಾರ್ಖಾನೆಯವರಲ್ಲಿ ಈ ಕ್ಯಾನ್ಸರ್ ಇರೋದನ್ನು ಜರ್ಮನಿಯ ಸರ್ಜನ್ ಲುಡ್ವಿಗ್ ರೇನ್ 1895ರಲ್ಲೇ ಹೇಳಿದ್ದರು.

ಪೇಂಟರ್: ನನಗೂ ಒಮ್ಮೆ ಕೆಂಪಗೆ ಬಂದಿತ್ತು. ಸ್ಕ್ಯಾನ್ ಸಾಕಾ?

ಡಾಕ್ಟರ್: ಮೇಲೆ ಬರೆದಿದ್ದೇನೆ. ಓದಿ.

ಇಳಕಲ್ಲಿನವ: ಪರಿಹಾರ ಸಿಗ್ತೈತೇನ್ರಿ?

ಡಾಕ್ಟರ್: ಮೂತ್ರಕೋಶದ ಕ್ಯಾನ್ಸರ್ ಪರಿಹಾರ ಕಾನೂನಿನ ಮೂರನೇ ಅನುಸೂಚಿಯಲ್ಲಿ, ಅಂದರೆ ಕೆಲಸದಿಂದ ಬರೋ ಕಾಯಿಲೆಗಳ ಪಟ್ಟಿಯಲ್ಲಿದೆ. ಪಿಎಫ್ ಚೀಟಿ, ಹಾಜರಿ ದಾಖಲೆ ಹುಡುಕಿಡಿ. ಉಳಿದದ್ದು ವಕೀಲರನ್ನು ಕೇಳಿ.

ನಿವೃತ್ತ ಮೇಷ್ಟ್ರು: ಗೋಮೂತ್ರದ ಬಗ್ಗೆ ಒಂದು ವಿಡಿಯೋ ಇದೆ...

ಡಾಕ್ಟರ್: ಮೇಷ್ಟ್ರೇ, ಸಾಕು.

ಬನಹಟ್ಟಿಯ ಮಗಳು: ಸರ, ಅಪ್ಪ ಬರಾಕ ಒಲ್ಲೆ ಅಂತಾರ. ಆ ಬಣ್ಣನ ನಿಮ್ಮನ್ನೆಲ್ಲಾ ಸಾಕೇತಿ, ಅದಕ್ಯಾಕ ಬೈತೀರಿ ಅಂತಾರ.

ಡಾಕ್ಟರ್: ಸಂಜೆ ಏಳಕ್ಕೆ ಫೋನ್ ಅವರ ಕೈಗೆ ಕೊಡಿ. ನಾನೇ ಮಾತಾಡ್ತೀನಿ.

ಪೆಟ್ರೋಲ್ ಬಂಕ್: ಸರ್, ನನ್ನ ಪ್ರಶ್ನೆ?