ಪುಟ್ಟಿಗೆ, ಸಭೆಯ ಓಟಿನ ವಿಷಯ

ಪುಟ್ಟಿ, ಅತ್ತೆ ಮಾತಾಡುವುದು. ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಬೆರಳು ನೋವು, ಟೈಪ್ ಮಾಡಲು ಆಗುವುದಿಲ್ಲ. ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಅಡುಗೆ ಮಾಡುತ್ತಾ ಕೇಳು. ಗ್ರೂಪಿನಲ್ಲಿ ಉಳಿದವರೂ ಕೇಳಿ. ತಮ್ಮಾ, ನೀನಂತೂ ಕೇಳಲೇಬೇಕು.

ನೀನು ಬರೆದದ್ದು ಇಷ್ಟು, ಅಲ್ವಾ? ನಿಮ್ಮ ಚರ್ಚಿನ ಅಯ್ಯನವರು, ಅಂದರೆ ಪಾದ್ರಿಗಳು, ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ಇನ್ನೊಬ್ಬರನ್ನು ಕರೆಯಲು ಪ್ರೆಸ್ಬಿಟರಿಯವರು, ಅಂದರೆ ಆ ಭಾಗದ ಸಭೆಗಳನ್ನೆಲ್ಲ ನೋಡಿಕೊಳ್ಳುವ ಮಂಡಳಿಯವರು, ಒಪ್ಪುತ್ತಿಲ್ಲ. ಪಕ್ಕದ ಊರಿನ ಸಭೆಗೆ ನಿಮ್ಮನ್ನು ಸೇರಿಸುತ್ತಾರಂತೆ. ಎರಡು ಚರ್ಚಿನಲ್ಲಿ ಒಂದನ್ನು ಮುಚ್ಚುತ್ತಾರಂತೆ. ಮುಂದಿನ ತಿಂಗಳು ಓಟಂತೆ. "ಈ ಚಳಿದೇಶದಲ್ಲಿ ನಮಗೆ ನಮ್ಮದು ಅಂತ ಇದ್ದದ್ದು ಅದೊಂದೇ, ಈಗ ಬೇರೆ ಸಭೆ ಹುಡುಕಬೇಕಾ ಅತ್ತೆ" ಅಂತ ಕೇಳಿದ್ದೀಯ. ಕೊನೆಗೆ ಇನ್ನೊಂದು ಸಾಲು ಹಾಕಿದ್ದೀಯ. "ನಾವು ಬಂದು ಮೂರು ವರ್ಷ ಅಷ್ಟೇ, ನಾವೇನು ಹೇಳುವುದು, ಇಲ್ಲಿಯವರೇ ತೀರ್ಮಾನ ಮಾಡಲಿ."

ಆ ಕೊನೆಯ ಸಾಲು ಓದಿ ನನ್ನ ಎದೆ ಧಸಕ್ಕೆಂದಿತು. ಚರ್ಚು ಮುಚ್ಚುವ ಸುದ್ದಿಗಿಂತ ಜಾಸ್ತಿ. ಮಾರಾಯ್ತಿ, ಹಾಗೆ ಹಿಂದಿನ ಬೆಂಚಿನಲ್ಲಿ ನೆಂಟರ ಹಾಗೆ ಕೂತುಕೊಳ್ಳಬೇಡ. ನಾನು ಒಂಬತ್ತು ವರ್ಷ ಹಾಗೆ ಕೂತವಳು.

ನಿನ್ನ ಮಾವ ಮತ್ತು ನಾನು ಸ್ಕಾಟ್ಲೆಂಡಿನ ಫೈಫಿಗೆ ಬಂದದ್ದು 1975ರಲ್ಲಿ. ಅದು ನಿಮಗೆಲ್ಲ ಗೊತ್ತು. ಕಲ್ಲಿದ್ದಲ ಗಣಿಯ ಊರು. ಆ ಸಣ್ಣ ಊರಿನಲ್ಲಿ ಇನ್ನೂರು ಹೆಜ್ಜೆಗೆ ಎರಡು ಚರ್ಚು, ಎರಡೂ ಚರ್ಚ್ ಆಫ್ ಸ್ಕಾಟ್ಲೆಂಡಿನವೇ. ನನಗೆ ಆಶ್ಚರ್ಯ. ಒಂದೇ ಸಭೆಗೆ ಎರಡು ಗೋಪುರ ಯಾಕೆ ಅಂತ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. ಅವರು ಮೊನ್ನೆ ಮೊನ್ನೆ ಆದ ಜಗಳದ ಹಾಗೆ 1843ರ ಕತೆ ಹೇಳಿದರು. ಸಭೆಗೆ ಅಯ್ಯನವರನ್ನು ಯಾರು ತರಬೇಕು, ಊರಿನ ಜಮೀನಿನ ಒಡೆಯನಾ, ಸಭೆಯ ಜನರಾ ಅಂತ ಜಗಳ. ಮೇ 18ಕ್ಕೆ ಎಡಿನ್‌ಬರೋದಲ್ಲಿ ಮಹಾಸಭೆ ಕೂಡಿದಾಗ, ಜನರೇ ಕರೆಯಬೇಕು ಅನ್ನುವವರು ಎದ್ದು ಹೊರಗೆ ನಡೆದರು. 450ಕ್ಕೂ ಜಾಸ್ತಿ ಅಯ್ಯನವರುಗಳು ಸಂಬಳ ಬಿಟ್ಟರು, ಮನೆ ಬಿಟ್ಟರು, ಫ್ರೀ ಚರ್ಚ್ ಕಟ್ಟಿದರು. ಊರೂರಲ್ಲಿ ಎರಡನೇ ಚರ್ಚು ಎದ್ದದ್ದು ಆವಾಗ. ಅದೇ ವರ್ಷ ಜುಲೈಯಲ್ಲಿ ನಮ್ಮ ಮಂಗಳೂರಲ್ಲಿ ಮೋಗ್ಲಿಂಗ್ ಅಯ್ಯನವರು ಮಂಗಳೂರ ಸಮಾಚಾರ ಪತ್ರಿಕೆ ತಂದದ್ದು. ಅದನ್ನು ನೆನೆದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ.

1929ರಲ್ಲಿ ಹೆಚ್ಚಿನವರು ಮತ್ತೆ ಒಂದಾದರು. ಸಭೆ ಒಂದಾಯಿತು, ಕಟ್ಟಡ ಎರಡೂ ಉಳಿದವು. ಆಮೇಲೆ ಜನ ಕಡಿಮೆ ಆಗುತ್ತಾ ಬಂದರು. 1950ರ ದಶಕದಲ್ಲಿ ಇಡೀ ಸ್ಕಾಟ್ಲೆಂಡಿನಲ್ಲಿ 13 ಲಕ್ಷ ಸದಸ್ಯರು ಇದ್ದರು. ಈಗ ಮೂರು ಲಕ್ಷವೂ ಇಲ್ಲ. ಅಯ್ಯನವರೂ ಸಾಕಾಗುವುದಿಲ್ಲ, ಮಾಡು ಸೋರಿದರೆ ರಿಪೇರಿಗೆ ಹಣವೂ ಸಾಕಾಗುವುದಿಲ್ಲ. 2021ರಲ್ಲಿ ಜನರಲ್ ಅಸೆಂಬ್ಲಿಯವರು, ಅದೇ ಮಹಾಸಭೆಯವರು, ಪ್ರತಿ ಪ್ರೆಸ್ಬಿಟರಿಗೂ ಹೇಳಿದರು, ಯಾವ ಚರ್ಚು ಇರಬೇಕು, ಯಾವುದು ಬೇಡ, ಎಷ್ಟು ಜನ ಅಯ್ಯನವರು ಬೇಕು, ಒಂದು ಯೋಜನೆ ಮಾಡಿ ಅಂತ. ನಿಮ್ಮಲ್ಲಿ ಆಗುತ್ತಿರುವುದೂ ಅದೇ. ಯಾರೋ ನಿಮ್ಮ ಮೇಲೆ ಹಗೆ ಸಾಧಿಸುತ್ತಿದ್ದಾರೆ ಅಂತ ತಿಳಿಯಬೇಡ.

ಹಾಂ, ನನ್ನ ಕತೆ. ನಾವು ಹೋಗುತ್ತಿದ್ದದ್ದು ಎರಡನೇ ಚರ್ಚಿಗೆ, ಫ್ರೀ ಚರ್ಚಿನವರು ಕಟ್ಟಿದ್ದಕ್ಕೆ. ಒಂದು ಭಾನುವಾರವೂ ತಪ್ಪಿಸಲಿಲ್ಲ. ರಾತ್ರಿ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಹೋದದ್ದೂ ಇದೆ. ನಿನ್ನ ಮಾವ ಕಾಯರಿನಲ್ಲಿ ಬೇಸ್ ಹಾಡುತ್ತಿದ್ದರು. 1984ರಲ್ಲಿ ಗಣಿ ಕಾರ್ಮಿಕರ ಮುಷ್ಕರ ಬಂತು. ಊರೆಲ್ಲ ಸಂಬಳ ಇಲ್ಲದೆ ಕೂತಿತ್ತು. ನಮ್ಮ ಚರ್ಚ್ ಹಾಲಿನಲ್ಲಿ ದಿನಾ ಮಕ್ಕಳಿಗೆ ಊಟ. ಅವರ ಲೆಂಟಿಲ್ ಸೂಪಿಗೆ ನಾನು ಸಾಸಿವೆ, ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತಿದ್ದೆ. ಗಣಿಯ ಮಕ್ಕಳು ಮತ್ತೆ ಮತ್ತೆ ಕೇಳಿ ಬಡಿಸಿಕೊಳ್ಳುತ್ತಿದ್ದರು. ಇದು ನನ್ನ ಸಭೆ ಅಂತ ನನಗೆ ಒಂದು ಚೂರೂ ಅನುಮಾನ ಇರಲಿಲ್ಲ.

ಒಂದು ವಿಷಯ ಮಾತ್ರ ಇತ್ತು. ಅಲ್ಲಿ ಕರ್ತರ ಭೋಜನ, ಅಂದರೆ ಕಮ್ಯುನಿಯನ್, ವರ್ಷಕ್ಕೆ ನಾಲ್ಕು ಸಲ. ಅದಕ್ಕೆ ಮುಂಚೆ ಆಯಾ ಬೀದಿಯನ್ನು ನೋಡಿಕೊಳ್ಳುವ ಸಭೆಯ ಹಿರಿಯರು ಮನೆಮನೆಗೆ ಬಂದು ಒಂದು ಕಾರ್ಡು ಕೊಟ್ಟು ಹೋಗುವ ಪದ್ಧತಿ. ಪಕ್ಕದ ಅಜ್ಜಿಗೆ ಕಾರ್ಡು ಬರುತ್ತಿತ್ತು. ಎದುರು ಮನೆಗೆ ಬರುತ್ತಿತ್ತು. ನಮ್ಮ ಬಾಗಿಲಿಗೆ ಬರಲಿಲ್ಲ. ನಾವು ಹೊಸಬರು, ನಮ್ಮ ಹೆಸರು ಬರೆಯಲು ಕಷ್ಟ ಇರಬೇಕು ಅಂತ ಸುಮ್ನೆ ಇದ್ದೆವು. ಭೋಜನದ ದಿನ ಮೇಜಿನ ಮುಂದೆ ಯಾರೂ ತಡೆಯಲಿಲ್ಲ. ಕರ್ತನನ್ನು ಪ್ರೀತಿಸುವವರೆಲ್ಲ ಬನ್ನಿ ಅನ್ನುತ್ತಿದ್ದರು, ನಾವೂ ರೊಟ್ಟಿ ತೆಗೆದುಕೊಂಡೆವು. ಹಾಗೆ ಒಂಬತ್ತು ವರ್ಷ ಹೋಯಿತು.

ಆ ವರ್ಷ ಶರತ್ಕಾಲದಲ್ಲಿ ನಮ್ಮ ಅಯ್ಯನವರು ಬೇರೆ ಕಡೆ ಹೋದರು. ಎರಡು ಸಭೆ ಸೇರಿಸುವ ಮಾತು ಬಂತು. ನಮ್ಮ ಕಟ್ಟಡ ಮುಚ್ಚುವುದು, ಹಳೇ ಚರ್ಚು ಇಡುವುದು. ಭಾನುವಾರ ಆರಾಧನೆ ಆದ ಮೇಲೆ ಹಾಲಿನಲ್ಲಿ ಓಟು. ಬಂದವರಿಗೆಲ್ಲ ಚಹಾ ಮಾಡುವ ಕೆಲಸ ನನ್ನದು. ನೀರು ಕುದಿಯಲು ಇಟ್ಟು ಬಾಗಿಲ ಹತ್ತಿರ ಹೋದೆ. ಒಬ್ಬರು ಉದ್ದದ ಪಟ್ಟಿ ಹಿಡಿದು ಹೆಸರು ನೋಡಿ ನೋಡಿ ಚೀಟಿ ಕೊಡುತ್ತಿದ್ದರು. ನಮ್ಮ ಹೆಸರು ಹುಡುಕಿದರು. ಮತ್ತೊಂದು ಸಲ ಹುಡುಕಿದರು. "ನಿಮ್ಮ ಲೈನ್ಸ್ ಕೊಟ್ಟಿದ್ದೀರಾ?" ಅಂತ ಕೇಳಿದರು. ಲೈನ್ಸ್ ಅಂದರೆ ಹಿಂದಿನ ಸಭೆಯಿಂದ ತರುವ ವರ್ಗಾವಣೆ ಪತ್ರ. ನನಗೆ ಆ ಶಬ್ದವೇ ಹೊಸದು. ಅವರು ಒಳ್ಳೆಯ ಮನುಷ್ಯರು, ಮುಖ ಕೆಂಪಾಯಿತು ಅವರದ್ದು. ಆದರೆ ನಿಯಮ ನಿಯಮ. ರೋಲಿನಲ್ಲಿ, ಅಂದರೆ ಸದಸ್ಯರ ಪಟ್ಟಿಯಲ್ಲಿ, ಹೆಸರು ಇಲ್ಲದವರು ಓಟು ಹಾಕುವಾಗ ಹೊರಗೆ ನಿಲ್ಲಬೇಕು ಅಂದರು.

ನಾವಿಬ್ಬರೂ ಅಡುಗೆ ಕೋಣೆಯಲ್ಲಿ ನಿಂತೆವು, ಚಹಾದ ಕಪ್, ಸಾಸರುಗಳ ನಡುವೆ. ಹಾಲಿಗೆ ಚಹಾ ಕೊಡುವ ಕಿಂಡಿಯ ಬಾಗಿಲು ಹಾಕಿದರು. ಒಳಗೆ ಚೀಟಿ ಎಣಿಸುವುದು ನಮಗೆ ಕೇಳಿಸುತ್ತಿತ್ತು. ಕ್ರಿಸ್‌ಮಸ್ಸಿಗೆ ಮಾತ್ರ ಬರುವವರು ಆ ದಿನ ಬಂದಿದ್ದರು, ಅವರ ಕೈಯಲ್ಲಿ ಚೀಟಿ ಇತ್ತು. ಮಕ್ಕಳಿಗೆ ಸೂಪು ಬಡಿಸಿದ ನನ್ನ ಕೈಯಲ್ಲಿ ಚಹಾದ ಕೆಟಲು. ಹನ್ನೊಂದು ಓಟಿನಿಂದ ಸೇರುವುದೇ ಅಂತ ಆಯಿತು. ನಮ್ಮ ಎರಡು ಓಟಿನಿಂದ ಏನೂ ಬದಲಾಗುತ್ತಿರಲಿಲ್ಲ, ನನಗೆ ಗೊತ್ತು. ಆದರೂ ಆ ಕಿಂಡಿ ಮುಚ್ಚಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ನಿನ್ನ ಮಾವ ಕೋಟು ಹಾಕಿಕೊಂಡು ಹಿಂದಿನ ಬಾಗಿಲಿನಿಂದ ಹೋದರು. "ನಾವು ನೆಂಟರು ಅಂತ ಗೊತ್ತಾಯಿತಲ್ಲ" ಅಂದರು, ಅಷ್ಟೇ. ಎರಡು ವರ್ಷ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಅಡುಗೆ ಮನೆಯಲ್ಲಿ ರೇಡಿಯೋ ಹಾಡಿದರೂ ಜೊತೆಗೆ ಹಾಡಲಿಲ್ಲ. ನಾನು ಒಬ್ಬಳೇ ನಮ್ಮ ಹುಡುಗನ ಕೈ ಹಿಡಿದು ಹಳೇ ಚರ್ಚಿಗೆ ಹೋದೆ, ಅಲ್ಲಿಯೂ ಹಿಂದಿನ ಬೆಂಚಿನಲ್ಲೇ ಕೂತೆ. ನಮ್ಮ ಚರ್ಚಿನ ಕಟ್ಟಡ ಕಾರ್ಪೆಟ್ ಅಂಗಡಿ ಆಯಿತು.

ಅದಕ್ಕೇ ಹೇಳುವುದು ಪುಟ್ಟಿ, ನೆಂಟರ ಹಾಗೆ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಬೇಡ. ಅಳಿಯನಿಗೂ ಹೇಳು. ಯಾರೂ ನಿಮ್ಮನ್ನು ಬೇಕಂತ ಹೊರಗೆ ಇಡುವುದಿಲ್ಲ. ಸುಮ್ನೆ ಕೂತರೆ ತಾನಾಗಿಯೇ ಹೊರಗೆ ಉಳಿಯುತ್ತೀರಿ.

ಇನ್ನು ತಮ್ಮಾ, ನಿನ್ನ ಹತ್ತಿರ ಒಂದು ಮಾತು. ನಲವತ್ತು ವರ್ಷ ಇಟ್ಟುಕೊಂಡಿದ್ದೆ, ಇವತ್ತು ಹೇಳಿಬಿಡುತ್ತೇನೆ. ಆ ಓಟಿನ ವಾರವೇ ನಿನಗೆ ನೀಲಿ ಏರೋಗ್ರಾಮ್ ಬರೆದೆ. ಸಭೆಯ ಆಫೀಸಿಗೆ ಹೋಗಿ ನಮ್ಮಿಬ್ಬರ ವರ್ಗಾವಣೆ ಪತ್ರ ಮಾಡಿಸಿ ಕಳಿಸು ಅಂತ. ಒಂದಲ್ಲ, ಮೂರು ಬರೆದೆ. ನೀನು ಉತ್ತರ ಬರೆದೆ, ಇಲ್ಲ ಅನ್ನುವುದಿಲ್ಲ. ಮಳೆ ಜೋರು ಅಂತ ಬರೆದೆ, ಮಲ್ಲಿಗೆಗೆ ರೇಟು ಇಲ್ಲ ಅಂತ ಬರೆದೆ, ಬಾವಿಗೆ ಪಂಪು ಹಾಕಿಸಿದೆ ಅಂತ ಬರೆದೆ. ಪತ್ರದ ವಿಷಯ ಒಂದು ಸಾಲೂ ಇಲ್ಲ. ಮಂಗಳೂರಿನ ಜೆಪ್ಪಿನ ನಮ್ಮ ಮನೆಯಿಂದ ಚರ್ಚಿಗೆ ನಡೆದರೆ ಹತ್ತು ನಿಮಿಷ. ಅಪ್ಪ ಇದ್ದಿದ್ದರೆ ಅದೇ ದಿನ ಹೋಗುತ್ತಿದ್ದರು. ಅಜ್ಜ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆಯ ಕೂಲಿಯಲ್ಲಿ ನಮ್ಮನ್ನೆಲ್ಲ ಓದಿಸಿದವರು. ಅವರ ಟ್ರಂಕಿನಲ್ಲಿ ಮನೆಯವರೆಲ್ಲರ ದೀಕ್ಷಾಸ್ನಾನದ ಚೀಟಿ ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತಿದ್ದರು. ಮೊದಲನೇ ಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಇಲ್ಲಿಂದ ಕಳಿಸಿಬಿಟ್ಟಾಗಲೂ ಸಭೆ ನಿಂತದ್ದು ಹೆಸರು ಬರೆದಿಟ್ಟ ಪುಸ್ತಕದಿಂದ ಅನ್ನುತ್ತಿದ್ದರು ಅಜ್ಜ. ಅಂಥ ಮನೆಯ ಹುಡುಗಿ ನಾನು, ನನ್ನ ಹೆಸರು ಎರಡು ದೇಶದಲ್ಲಿ ಎಲ್ಲಿಯೂ ಸರಿಯಾಗಿ ಇರಲಿಲ್ಲ. ನನಗೆ ಅದು ತುಂಬಾ ನೋವಾಯಿತು, ತಮ್ಮಾ.

ಈಗ ನಿನ್ನ ಮಗಳನ್ನು ಕಳಿಸುವಾಗ? ಕುಚ್ಚಲಕ್ಕಿ ಕಟ್ಟಿದೆ. ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ಎಲ್ಲ ತೂಕ ಮಾಡಿ ಕಟ್ಟಿದೆ. ಸಭೆಯ ಪತ್ರ ಕೊಟ್ಟು ಕಳಿಸಿದೆಯಾ? ಇಲ್ಲ ಅಂತ ನನಗೆ ಗೊತ್ತು, ಮೊನ್ನೆ ಅವಳನ್ನೇ ಕೇಳಿದೆ.

ಸರಿ, ಸಾಕು. ಮುಖ್ಯವಾದದ್ದು ಹೇಳುವುದೇ ಉಳಿಯಿತು ನೋಡು.

ಪುಟ್ಟಿ, ನಾಳೆಯೇ ನಿಮ್ಮ ಸೆಷನ್ ಕ್ಲರ್ಕಿಗೆ, ಅಂದರೆ ಸಭೆಯ ದಾಖಲೆ ನೋಡಿಕೊಳ್ಳುವವರಿಗೆ, ಫೋನ್ ಮಾಡು. ಕಮ್ಯುನಿಯನ್ ರೋಲಿನಲ್ಲಿ ನಮ್ಮಿಬ್ಬರ ಹೆಸರು ಇದೆಯಾ ಅಂತ ಕೇಳು. ಇಲ್ಲದಿದ್ದರೆ, ಊರಿನಿಂದ ಪತ್ರ ಬರುತ್ತಿದೆ, ಓಟಿಗೆ ಮುಂಚೆ ಸೇರಿಸಿಕೊಳ್ಳುತ್ತೀರಾ ಅಂತ ಕೇಳು. ಪತ್ರ ತಡವಾದರೂ ಹೆದರಬೇಡ. ಕರ್ಕ್ ಸೆಷನ್, ಅಂದರೆ ಅಯ್ಯನವರು ಮತ್ತು ಹಿರಿಯರ ಕೂಟ, ತಾವೇ ನಿರ್ಣಯ ಮಾಡಿ ಸೇರಿಸಿಕೊಳ್ಳಬಹುದು. 1986ರಲ್ಲಿ ನಮ್ಮನ್ನು ಸೇರಿಸಿಕೊಂಡದ್ದು ಹಾಗೆಯೇ. ಒಬ್ಬರು ಹಿರಿಯರು, ಹೆಂಗಸು, ಮಳೆಯಲ್ಲಿ ನೆನೆದುಕೊಂಡು ಬಂದು ನಮ್ಮಿಬ್ಬರ ಹೆಸರು ಬರೆದ ಕಾರ್ಡು ಕೊಟ್ಟರು. ಸ್ಪೆಲ್ಲಿಂಗ್ ತಪ್ಪಿತ್ತು. ನಿನ್ನ ಮಾವ ಅದನ್ನು ಗೋಡೆಗೆ ಒರಗಿಸಿ ಇಟ್ಟರು, ಆ ಭಾನುವಾರ ಬಂದರು.

ಎರಡನೆಯದು, ಸೇರುವ ಕರಾರಿನ ಕಾಗದ ಒಂದು ಇರುತ್ತದೆ, ಬೇಸಿಸ್ ಆಫ್ ಯೂನಿಯನ್ ಅನ್ನುತ್ತಾರೆ. ಅದನ್ನು ಕೇಳಿ ತೆಗೆದುಕೊಂಡು ಕೂತು ಓದು. ಹೊಸ ಸಭೆಗೆ ಯಾವ ಹೆಸರು, ಆರಾಧನೆಗೆ ಯಾವ ಕಟ್ಟಡ, ಎರಡು ಸಭೆಯ ಹಣ ಎಲ್ಲಿಗೆ ಹೋಗುತ್ತದೆ, ಅಯ್ಯನವರ ಮನೆ ಯಾವ ಊರಲ್ಲಿ, ಎಲ್ಲ ಅದರಲ್ಲಿ ಇರುತ್ತದೆ. ಕಟ್ಟಡದ ವಿಷಯದಲ್ಲಿ ಮಾತ್ರ ಜಾಸ್ತಿ ಆಸೆ ಇಟ್ಟುಕೊಳ್ಳಬೇಡ. ಹೆಚ್ಚಿನ ಚರ್ಚುಗಳು ಎಡಿನ್‌ಬರೋದ ಜನರಲ್ ಟ್ರಸ್ಟೀಸ್, ಅಂದರೆ ಇಡೀ ಚರ್ಚ್ ಆಫ್ ಸ್ಕಾಟ್ಲೆಂಡಿನ ಆಸ್ತಿ ನೋಡಿಕೊಳ್ಳುವವರ, ಹೆಸರಲ್ಲಿ ಇವೆ. ಆದರೆ ಭಾನುವಾರ ಬಸ್ಸಿಲ್ಲದವರನ್ನು ಆ ಊರಿಗೆ ಯಾರು ಕರೆದುಕೊಂಡು ಹೋಗುತ್ತಾರೆ, ಮಕ್ಕಳ ಸಂಡೇ ಸ್ಕೂಲ್ ಎಲ್ಲಿ, ಅದನ್ನು ನೀನು ಎದ್ದು ನಿಂತು ಕೇಳಬಹುದು, ಕೇಳಲೇಬೇಕು. ಓಟಿನ ದಿನಕ್ಕೆ ಮುಂಚೆ ಕೇಳು. ಆ ದಿನ ಹೌದು, ಇಲ್ಲ ಎರಡೇ ಇರುತ್ತದೆ.

ಬೇರೆ ಸಭೆ ಹುಡುಕುವ ಮಾತು ಈಗ ಬೇಡ. ಪಕ್ಕದ ಊರಿನವರೂ ನಿಮ್ಮಷ್ಟೇ ಹೆದರಿರುತ್ತಾರೆ. ಒಂದು ಭಾನುವಾರ ಅಲ್ಲಿಗೆ ಹೋಗಿ ಕೂತು ಬಾ, ಅವರ ಹಿರಿಯರ ಹತ್ತಿರ ಮಾತಾಡು. ನಾವೂ ಒಂದುಗೂಡಿದ ಸಭೆಯ ಮಕ್ಕಳೇ ಅಲ್ವಾ? 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಿನಲ್ಲಿ ನಮ್ಮ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಹುಟ್ಟುವಾಗ ಆಂಗ್ಲಿಕನ್ನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಶನಲಿಸ್ಟರು ಎಲ್ಲ ಒಂದೇ ಮೇಜಿಗೆ ಬಂದರು. ಬಿಷಪ್ಪರು ಬೇಕು ಅನ್ನುವವರು, ಬೇಡವೇ ಬೇಡ ಅನ್ನುವವರು, ಅವರೇ ಸೇರಿದರು ಅಂದಮೇಲೆ ನಿಮಗೆ ನಡುವೆ ಇರುವುದು ಒಂದು ಗುಡ್ಡ ಅಷ್ಟೇ.

ತಮ್ಮಾ, ಸಿಟ್ಟು ಮಾಡಿಕೊಳ್ಳಬೇಡ. ನಾಳೆ ಬೆಳಿಗ್ಗೆ ಆಫೀಸು ತೆರೆಯುವ ಹೊತ್ತಿಗೆ ಹೋಗು. ಪುಟ್ಟಿ, ಅಳಿಯ, ಇಬ್ಬರ ಹೆಸರಲ್ಲೂ ಪತ್ರ ಮಾಡಿಸು. ಇಂಗ್ಲಿಷಿನಲ್ಲಿ ಬರೆಸು, ಅಯ್ಯನವರ ಸಹಿ, ಸಭೆಯ ಸೀಲು ಎರಡೂ ಇರಲಿ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಹೆಸರಿನ ಸ್ಪೆಲ್ಲಿಂಗ್ ಕೊಡು. ಮಗುವಿನ ದೀಕ್ಷಾಸ್ನಾನದ ಚೀಟಿಯ ನಕಲೂ ತೆಗೆದುಕೋ. ಫೋಟೋ ತೆಗೆದು ಈ ಗ್ರೂಪಿನಲ್ಲೇ ಹಾಕು, ಮೂಲ ಪತ್ರ ಸ್ಪೀಡ್ ಪೋಸ್ಟಿನಲ್ಲಿ ಪುಟ್ಟಿಗೆ ಕಳಿಸು. ನಿಮ್ಮ ಹನ್ನೆರಡು ಗಂಟೆಗೆ ನಾನು ಎದ್ದು ಚಹಾ ಕುಡಿದಿರುತ್ತೇನೆ, ಆವಾಗ ಫೋನ್ ಮಾಡುತ್ತೇನೆ.