ಶಿರಸಿಯಿಂದ ಷಿಕಾಗೊ: ಇನ್ಸುಲಿನ್ ತಗೊಳ್ಳುವ ಅಮ್ಮ, ಗೋಧಿ ಆಗದ ಅಪ್ಪ. ದಾರಿಯ ಊಟ ಹೇಗೆ?

ಮಾರಿಗುಡಿ ಬೀದಿ (ಶಿರಸಿ) ಕೇಳಿದ್ದು:

ಅಪ್ಪ, ಅಮ್ಮ ಮುಂದಿನ ತಿಂಗಳು ಷಿಕಾಗೊಗೆ ಹೊರಟಿದ್ದಾರೆ. ಬೆಳಿಗ್ಗೆ 10ಕ್ಕೆ ಶಿರಸಿಯಿಂದ ಕಾರು, ರಾತ್ರಿ 2.30ಕ್ಕೆ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ವಿಮಾನ, ಅಲ್ಲಿ ಮೂರೂವರೆ ತಾಸು ಕಾದು ಷಿಕಾಗೊ ವಿಮಾನ.

ಅಮ್ಮನಿಗೆ 66 ವರ್ಷ, ಟೈಪ್ 2 ಡಯಾಬಿಟಿಸ್. ರಾತ್ರಿ 9ಕ್ಕೆ ಗ್ಲಾರ್ಜಿನ್ (ದಿನವಿಡೀ ನಿಧಾನ ಕೆಲಸ ಮಾಡುವ ಇನ್ಸುಲಿನ್), ಊಟದ ಹೊತ್ತಿಗೆ ಬೇಗ ಕೆಲಸ ಮಾಡುವ ಇನ್ಸುಲಿನ್, ಎರಡೂ ಚುಚ್ಚಿಕೊಳ್ಳುವ ಪೆನ್. ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅಪ್ಪನಿಗೆ 70, ಸೀಲಿಯಾಕ್ (ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಅನ್ನುವ ಪ್ರೋಟೀನ್ ಆಗದ ಕಾಯಿಲೆ), ಗೋಧಿಯ ಕಣ ತಾಗಿದರೂ ಹೊಟ್ಟೆ ಕೆಡುತ್ತದೆ. ಅವರೂ ಸಸ್ಯಾಹಾರಿ. ಟಿಕೆಟ್ ಮಾಡುವಾಗ 'ಹಿಂದೂ ಮೀಲ್' ಅಂತ ಇಬ್ಬರಿಗೂ ಒತ್ತಿದ್ದೇವೆ. ಇಷ್ಟು ಸಾಕಾ? ಮನೆಯಿಂದ ಏನು ಕಟ್ಟಿಕೊಡಬಹುದು, ಯಾವುದನ್ನು ಸೆಕ್ಯೂರಿಟಿಯಲ್ಲಿ ತೆಗೆಸುತ್ತಾರೆ? ಗೊತ್ತಿದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಕಾಳಿ ದಂಡೆ (ಕಾರವಾರ):

ಮೊದಲು ಆ 'ಹಿಂದೂ ಮೀಲ್' ಇವತ್ತೇ ಬದಲಿಸಿ. ಅದರ ಕೋಡ್ ಎಚ್‌ಎನ್‌ಎಂಎಲ್. ಹೆಸರು ನೋಡಿ ಸಸ್ಯಾಹಾರ ಅಂದುಕೊಳ್ಳುವವರು ಬಹಳ ಜನ, ಆದರೆ ಅದು ದನದ ಮಾಂಸ ಇಲ್ಲದ ಊಟ, ಅಷ್ಟೇ. ಕೋಳಿ, ಕುರಿ, ಮೀನು, ಮೊಟ್ಟೆ ಬರಬಹುದು.

ನಿಮಗೆ ಸಂಬಂಧಪಟ್ಟ ಕೋಡ್‌ಗಳು ಇವು. ಎವಿಎಂಎಲ್ ಅಂದರೆ ನಮ್ಮ ಕಡೆಯ ಮಸಾಲೆಯ ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿ ಇರುತ್ತದೆ. ವಿಜೆಎಂಎಲ್ ಜೈನರ ಊಟ: ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಯಾವುದೂ ಇಲ್ಲ, ಅಮ್ಮನಿಗೆ ಹೊಂದುವುದು ಇದೇ. ವಿಎಲ್‌ಎಂಎಲ್‌ನಲ್ಲಿ ಮೊಟ್ಟೆ ಇರಬಹುದು, ಬೇಡ. ಡಿಬಿಎಂಎಲ್ ಡಯಾಬಿಟಿಸ್‌ನವರಿಗೆ, ಜಿಎಫ್‌ಎಂಎಲ್ ಗ್ಲುಟನ್ ಇಲ್ಲದ್ದು, ಎಫ್‌ಪಿಎಂಎಲ್ ಬರೀ ಹಣ್ಣಿನ ತಟ್ಟೆ.

ತೊಡಕು ಏನೆಂದರೆ, ಸಾಮಾನ್ಯವಾಗಿ ಒಬ್ಬರಿಗೆ ಒಂದು ವಿಮಾನಕ್ಕೆ ಒಂದೇ ಕೋಡ್. 'ಡಯಾಬಿಟಿಸ್ ಮತ್ತು ಸಸ್ಯಾಹಾರ' ಅಂತ ಎರಡು ಕೂಡಿಸಲು ಬರುವುದಿಲ್ಲ. ಡಿಬಿಎಂಎಲ್ ಹಾಕಿದರೆ ಕೋಳಿ ಬರಬಹುದು, ಜಿಎಫ್‌ಎಂಎಲ್ ಹಾಕಿದರೆ ಮೀನು ಬರಬಹುದು. ಕೋಡ್ ಅನ್ನುವುದು ತಟ್ಟೆಯಿಂದ ಏನನ್ನು ತೆಗೆಯಬೇಕು ಅಂತ ಅಡುಗೆಮನೆಗೆ ಹೇಳುತ್ತದೆ. ಏನು ಹಾಕಬೇಕು ಅನ್ನುವುದನ್ನು ಅವರೇ ತೀರ್ಮಾನಿಸುತ್ತಾರೆ.

ಕೋಡ್ ಬದಲಿಸುವುದು ಕನಿಷ್ಠ 24 ತಾಸು ಮೊದಲು, ಕೆಲವು ಕಂಪನಿಗಳಿಗೆ 48 ತಾಸು ಬೇಕು. ರಾತ್ರಿ 2.30ರ ವಿಮಾನದಲ್ಲಿ ತಾರೀಖು ತಪ್ಪುವುದು ಸಾಮಾನ್ಯ: ಶುಕ್ರವಾರ 2.30 ಅಂದರೆ ಗುರುವಾರ ರಾತ್ರಿ, ಅಂದರೆ 48 ತಾಸಿನ ಗಡುವು ಮಂಗಳವಾರ ರಾತ್ರಿಯೇ ಮುಗಿಯುತ್ತದೆ. ಬದಲಿಸಿದ ಮೇಲೆ ಏಜೆಂಟರ ಹತ್ತಿರ ಪಿಎನ್‌ಆರ್ (ನಿಮ್ಮ ಬುಕಿಂಗ್ ದಾಖಲೆ) ತೆಗೆಸಿ ನೋಡಿ. ಊಟದ ಸಾಲಿನಲ್ಲಿ ಎಚ್‌ಕೆ ಅಂತಿದ್ದರೆ ಖಾತ್ರಿಯಾಗಿದೆ, ಎನ್‌ಎನ್ ಅಂತಿದ್ದರೆ ಬರೀ ಕೇಳಿಕೆ ಹೋಗಿದೆ. ಎರಡೂ ವಿಮಾನಗಳ ಸಾಲು ಬೇರೆ ಬೇರೆ, ಎರಡನ್ನೂ ನೋಡಬೇಕು. ಟಿಕೆಟ್ ಒಂದು ಕಂಪನಿಯದು, ವಿಮಾನ ಹಾರಿಸುವುದು ಇನ್ನೊಂದು ಕಂಪನಿಯದು ಆಗಿದ್ದರೆ ಹಾರಿಸುವವರ ಹತ್ತಿರವೇ ವಿಚಾರಿಸಿ. ವಿಮಾನ ರದ್ದಾಗಿ ಬೇರೆಯದಕ್ಕೆ ಹಾಕಿದರೆ ಊಟದ ಕೇಳಿಕೆ ಹಲವು ಸಲ ಅಲ್ಲೇ ಬಿದ್ದುಹೋಗುತ್ತದೆ, ಮತ್ತೆ ಹೇಳಬೇಕು.

ಒಳಗೆ ಕೂತ ಮೇಲೆ ಸೀಟು ಅದಲುಬದಲು ಮಾಡಬೇಡಿ. ವಿಶೇಷ ಊಟದ ಮೇಲೆ ಸೀಟಿನ ನಂಬರಿನ ಚೀಟಿ ಅಂಟಿಸಿರುತ್ತಾರೆ. ಮಾಡಲೇಬೇಕಾಗಿ ಬಂದರೆ ತಕ್ಷಣ ಸಿಬ್ಬಂದಿಗೆ ತಿಳಿಸಿ.

ಅಘನಾಶಿನಿ ತಟ (ಕುಮಟಾ):

ಅಮ್ಮನ ವಿಷಯ. ಕಾಳಿ ದಂಡೆಯವರು ವಿಜೆಎಂಎಲ್ ಅಂದಿದ್ದು ಸರಿ. ಡಿಬಿಎಂಎಲ್‌ನಲ್ಲಿ ಇಷ್ಟೇ ಕಾರ್ಬೋಹೈಡ್ರೇಟ್ ಇರಬೇಕು ಅಂತ ಎಲ್ಲ ಕಂಪನಿಗೂ ಸಮನಾದ ಲೆಕ್ಕ ಇಲ್ಲ. ಒಮ್ಮೊಮ್ಮೆ ಅನ್ನವೇ ಇಲ್ಲದೆ ಬೇಯಿಸಿದ ತರಕಾರಿ ಬರುತ್ತದೆ, ಇನ್ಸುಲಿನ್ ತಗೊಂಡವರಿಗೆ ಅದು ಅಪಾಯ. ಆ ಜೈನರ ಊಟವನ್ನೇ ತರಿಸಿಕೊಂಡು, ಸಿಹಿ ಬಿಟ್ಟು, ಅನ್ನವನ್ನು ಅಳತೆಯಲ್ಲಿ ತಿನ್ನುವುದು ಒಳ್ಳೆಯದು.

ನಿಯಮ ಒಂದೇ, ಅದನ್ನು ಅಮ್ಮನಿಗೆ ಬಾಯಿಪಾಠ ಮಾಡಿಸಿ: ತಟ್ಟೆ ಎದುರಿಗೆ ಬಂದು, ಮುಚ್ಚಳ ತೆಗೆದು, ತಿನ್ನುವಂಥದ್ದು ಇದೆ ಅಂತ ಕಂಡ ಮೇಲೆಯೇ ಊಟದ ಇನ್ಸುಲಿನ್. ಊಟದ ಗಾಡಿ ಬರುತ್ತಿದೆ ಅಂತ ಮೊದಲೇ ಚುಚ್ಚಿಕೊಂಡರೆ, ವಿಮಾನ ಕುಲುಕಾಡಿ ಬಡಿಸುವುದು ಅರ್ಧಕ್ಕೇ ನಿಂತಾಗ ಸಕ್ಕರೆ ಇಳಿದುಬಿಡುತ್ತದೆ. ಒಂದು ಸಲ ತಗೊಂಡ ಮೇಲೆ ಮುಂದಿನದಕ್ಕೆ ಕನಿಷ್ಠ ನಾಲ್ಕು ತಾಸು ಅಂತರ ಇರಲಿ. ವಿಮಾನದಲ್ಲಿ ಊಟ, ತಿಂಡಿ ಒಂದರ ಹಿಂದೊಂದು ಬಂದಾಗ ಡೋಸ್ ಮೇಲೆ ಡೋಸ್ ಬೀಳುವುದು ಸುಲಭ.

ಗ್ಲಾರ್ಜಿನ್ ಹೊತ್ತು. ಹೊರಟ ದಿನ ರಾತ್ರಿ 9ಕ್ಕೆ ಬೆಂಗಳೂರಿನ ಏರ್‌ಪೋರ್ಟಿನಲ್ಲಿ ತಗೊಳ್ಳುತ್ತಾರೆ. ಮರುದಿನ ನಮ್ಮ ರಾತ್ರಿ 9 ಗಂಟೆ ಅನ್ನುವುದು ಎರಡನೇ ವಿಮಾನ ಅಟ್ಲಾಂಟಿಕ್ ಮೇಲಿರುವಾಗ ಬರುತ್ತದೆ. ಷಿಕಾಗೊದಲ್ಲಿ ಆಗ ಬೆಳಿಗ್ಗೆ 10.30 (ಅಲ್ಲಿಯ ಚಳಿಗಾಲದ ಸಮಯದಲ್ಲಿ 9.30). ಅದನ್ನು ಬಿಟ್ಟು ಅಲ್ಲಿಯ ರಾತ್ರಿ 9ರ ತನಕ ಕಾದರೆ ಎರಡು ಡೋಸ್‌ಗಳ ನಡುವೆ 34 ತಾಸು ದಾಟುತ್ತದೆ, ಸಕ್ಕರೆ ಏರುತ್ತದೆ. ನಮ್ಮ ಗಂಟೆಗೇ ಮುಂದುವರಿಸುವುದಾ, ನಡುವೆ ಸಣ್ಣ ಡೋಸ್ ಕೊಟ್ಟು ಅಲ್ಲಿಯ ರಾತ್ರಿಗೆ ತಿರುಗಿಸುವುದಾ ಅನ್ನುವುದನ್ನು ಅವರ ವೈದ್ಯರು ಯೂನಿಟ್ ಸಮೇತ ಬರೆದುಕೊಡಬೇಕು. ಹೊರಡುವ ಎರಡು ವಾರ ಮೊದಲೇ ಹೋಗಿ ಬರೆಸಿಕೊಳ್ಳಿ. ಕೈಗಡಿಯಾರವನ್ನು ತಲುಪುವವರೆಗೂ ಭಾರತದ ಸಮಯದಲ್ಲೇ ಇಡಿ, ಮೊಬೈಲ್ ತಾನಾಗಿ ಬದಲಾಗಿ ಗೊಂದಲ ಮಾಡುತ್ತದೆ.

ಸಕ್ಕರೆ ಪ್ರತಿ ನಾಲ್ಕು ತಾಸಿಗೆ ಪರೀಕ್ಷಿಸಲಿ. 70ಕ್ಕಿಂತ ಇಳಿದರೆ 15 ಗ್ರಾಂ ಗ್ಲೂಕೋಸ್ (4 ಗ್ರಾಂನ ಮಾತ್ರೆಯಾದರೆ 4), 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಏರದಿದ್ದರೆ ಮತ್ತೆ 15 ಗ್ರಾಂ. ಚಾಕೊಲೇಟ್ ಇದಕ್ಕೆ ಆಗುವುದಿಲ್ಲ, ಕೊಬ್ಬಿನಿಂದ ಸಕ್ಕರೆ ಏರುವುದು ನಿಧಾನವಾಗುತ್ತದೆ. ಜೋನಿಬೆಲ್ಲದ ಬಾಟಲಿ ಇಡೋಣ ಅನ್ನಿಸೀತು. ಅದು ದ್ರವದ ಲೆಕ್ಕಕ್ಕೆ ಹೋಗುತ್ತದೆ, ಜಿಗುಟು ಕೈಯಲ್ಲಿ ಅಳತೆಯೂ ಸಿಗದು. ಒಂದು ಮಾತ್ರೆ ಡಬ್ಬಿ ಅಮ್ಮನ ಕಿಸೆಯಲ್ಲಿ, ಇನ್ನೊಂದು ಅಪ್ಪನ ಹತ್ತಿರ.

ಇನ್ಸುಲಿನ್ ಪೂರ್ತಿ ಕೈಚೀಲದಲ್ಲೇ ಇರಬೇಕು, ಬೇಕಾದದ್ದರ ಎರಡು ಪಟ್ಟು. ಚೆಕ್‌ಇನ್ ಬ್ಯಾಗು ಕಳೆಯಬಹುದು, ಕೆಳಗಿನ ಗೂಡಿನಲ್ಲಿ ತೀರಾ ತಂಪಾಗಲೂಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು, ಹಾಗಾಗಿ ಐಸ್ ಪ್ಯಾಕಿಗೆ ನೇರ ತಾಗಿಸಬೇಡಿ, ನಡುವೆ ಬಟ್ಟೆ ಸುತ್ತಿ. ಶಿರಸಿಯಿಂದ ಬರುವಾಗ ಕಾರಿನ ಡಿಕ್ಕಿಯಲ್ಲೂ ಬೇಡ, ಬಿಸಿಲಿಗೆ ಅಲ್ಲಿಯ ಕಾವು ಬಹಳ. ಬಳಕೆಯಲ್ಲಿರುವ ಪೆನ್ 30 ಡಿಗ್ರಿ ದಾಟದಿದ್ದರೆ ಹೊರಗೇ 28 ದಿನ ಇರುತ್ತದೆ. ವಿಮಾನ ಏರುವಾಗ ಒತ್ತಡ ಬದಲಾಗಿ ಪೆನ್ನಿನಲ್ಲಿ ಗುಳ್ಳೆ ಕೂರುತ್ತದೆ, ಪ್ರತಿ ಸಲ 2 ಯೂನಿಟ್ ಹೊರಕ್ಕೆ ಬಿಟ್ಟು ಆಮೇಲೆ ಡೋಸ್. ಪೆನ್ನಿಗೆ ಸೂಜಿ ಹಾಕಿಟ್ಟೇ ಬಿಡಬೇಡಿ. ವೈದ್ಯರ ಇಂಗ್ಲಿಷ್ ಪತ್ರ, ಔಷಧಿ ಚೀಟಿ ಎರಡೂ ಕೈಚೀಲದಲ್ಲಿ ಮೇಲೇ ಇರಲಿ.

ಕೆಂಪಕ್ಕಿ ಗಂಜಿ (ಸಿದ್ದಾಪುರ):

ನಾನು ಅಪ್ಪನ ಊಟಕ್ಕೆ ಬರುತ್ತೇನೆ. ಸೀಲಿಯಾಕ್ ಇದ್ದವರಿಗೆ ವಿಮಾನದ ಸಸ್ಯಾಹಾರದಲ್ಲಿ ಚಪಾತಿಗಿಂತ ಕಳ್ಳದಾರಿ ಇಂಗು. ಅಂಗಡಿಯ ಪುಡಿ ಇಂಗು ಬಹುಪಾಲು ಗೋಧಿಹಿಟ್ಟು ಅಥವಾ ಮೈದಾ ಬೆರೆಸಿದ್ದು. ಸಾರು, ಪಲ್ಯ, ಒಗ್ಗರಣೆ ಎಲ್ಲದರಲ್ಲೂ ಅದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮನೆಯಲ್ಲೂ ಇದೇ ತಪ್ಪು ಆಗುತ್ತದೆ: ದಾರಿಗೆ ಅಂತ ಮಾಡಿದ ಚಟ್ನಿಪುಡಿ, ಉದ್ದಿನ ಹಪ್ಪಳ, ಉಪ್ಪಿನಕಾಯಿ ಒಗ್ಗರಣೆ. ಇಂಗಿನ ಡಬ್ಬಿಯ ಹಿಂದೆ ಓದಿ, ಅಕ್ಕಿಹಿಟ್ಟು ಬೆರೆಸಿದ್ದು ಸಿಕ್ಕರೆ ಸರಿ, ಇಲ್ಲದಿದ್ದರೆ ಇಂಗೇ ಬೇಡ.

ಎರಡನೆಯದು ಗಿರಣಿ. ಗೋಧಿ ಬೀಸಿದ ಕಲ್ಲಿಗೇ ನಿಮ್ಮ ಅಕ್ಕಿ ಹಾಕಿದರೆ ಆ ಅಕ್ಕಿಹಿಟ್ಟು ಅಪ್ಪನಿಗೆ ಬೇಡ. ಪ್ಯಾಕೆಟ್ಟಿನಲ್ಲಿ ಗ್ಲುಟನ್ ಇಲ್ಲ ಅಂತ ಹಾಕಲು ನಮ್ಮಲ್ಲಿ ಮಿತಿ ಕಿಲೋಗೆ 20 ಮಿಲಿಗ್ರಾಂ. ಗಿರಣಿಯ ಧೂಳಿನಲ್ಲಿ ಅದು ಸುಲಭವಾಗಿ ದಾಟುತ್ತದೆ. ಅಕ್ಕಿ ತೊಳೆದು ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ. ಚಪಾತಿ ಮಾಡುವ ಮಣೆ, ಲಟ್ಟಣಿಗೆ ಮುಟ್ಟಬೇಡಿ, ಬಾಳೆಲೆಯ ಮೇಲೆ ತಟ್ಟಿ. ಕಾವಲಿ ಉಜ್ಜಿ ತೊಳೆದಿರಲಿ.

ಇನ್ನು ಲೆಕ್ಕ. ಶಿರಸಿಯ ಬಾಗಿಲಿನಿಂದ ಷಿಕಾಗೊ ಮನೆಯ ಬಾಗಿಲಿಗೆ ಹೆಚ್ಚುಕಡಿಮೆ 42 ತಾಸು. ವಿಮಾನದ ಊಟ ಅದರಲ್ಲಿ ನಾಲ್ಕು ಹೊತ್ತಿಗೆ ಮಾತ್ರ. ಉಳಿದದ್ದು ನಿಮ್ಮ ಚೀಲದಿಂದಲೇ ಆಗಬೇಕು, ಅಪ್ಪನಿಗೆ ಆ ನಾಲ್ಕೂ ಕೈಕೊಟ್ಟರೂ ಸಾಕಾಗುವಷ್ಟು.

ನಾನಾದರೆ ದಪ್ಪ ಅವಲಕ್ಕಿಯನ್ನು ಒಣಗಿ ಗರಿಯಾಗುವಷ್ಟು ಹುರಿದು, ಶೇಂಗಾ, ಹುರಿಗಡಲೆ, ಉಪ್ಪು, ಒಣಮೆಣಸು ಸೇರಿಸಿ 60 ಗ್ರಾಂ ಅಳತೆಯ ಪೊಟ್ಟಣ ಆರು ಕಟ್ಟುತ್ತೇನೆ. ಮಾರುವ ಹುರಿಗಡಲೆಗೆ ಕೆಲವರು ಹಿಟ್ಟು ಸವರಿ ಕೊಡುತ್ತಾರೆ, ಬರೀ ಕಾಳು ತನ್ನಿ. ಅಮ್ಮನಿಗೂ ಇದು ಆಗುತ್ತದೆ: 50 ಗ್ರಾಂ ಅವಲಕ್ಕಿಯಲ್ಲಿ ಹತ್ತಿರತ್ತಿರ 38 ಗ್ರಾಂ ಕಾರ್ಬೋಹೈಡ್ರೇಟ್, ಶೇಂಗಾ, ಹುರಿಗಡಲೆಯದನ್ನೂ ಕೂಡಿಸಿ ಪೊಟ್ಟಣದ ಮೇಲೆ ಬರೆದಿಡಿ. ಅಪ್ಪನಿಗೆ ತೊಡದೇವು ಹೊಂದುತ್ತದೆ, ಬರೀ ಅಕ್ಕಿ ಮತ್ತು ಕಬ್ಬಿನ ಹಾಲು ಇದ್ದದ್ದು ಆದರೆ ಮಾತ್ರ, ಗಟ್ಟಿ ಡಬ್ಬಿಯಲ್ಲಿಟ್ಟರೆ ಪುಡಿಯಾಗದು. ಅಕ್ಕಿರೊಟ್ಟಿ ಪೂರ್ತಿ ಆರಿಸಿ ಕಾಗದ ಸುತ್ತಿದರೆ ಒಂದು ದಿನ ತಡೆಯುತ್ತದೆ. ಬಿಸಿಯಿರುವಾಗಲೇ ಡಬ್ಬಿಗೆ ಹಾಕಿದರೆ ಬೆವತು ಬೂಷ್ಟು ಬರುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ.

ಚಿತ್ರಾನ್ನ, ಮೊಸರನ್ನ ಕಾರಿನಲ್ಲಿ ಹೊರಟ ಎರಡು ತಾಸಿನೊಳಗೆ ತಿಂದು ಮುಗಿಸುವುದಿದ್ದರೆ ಮಾತ್ರ. ಬೆಂದ ಅನ್ನದಲ್ಲಿ ಉಳಿದುಕೊಳ್ಳುವ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾ ಬೆಚ್ಚಗಿನಲ್ಲಿ ವಿಷ ಕಟ್ಟುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. ಹೊರಡುವ ಹಿಂದಿನ ದಿನ ಹಲಸಿನ ಹಣ್ಣು, ಹೆಸರುಕಾಳು ಉಸಲಿ ಬೇಡ. ಕ್ಯಾಬಿನ್ನಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದ ಹಾಗೆ, ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ. ಅದೇ ಕಾರಣಕ್ಕೆ ಅಲ್ಲಿ ನೀರು 92ರಿಂದ 94 ಡಿಗ್ರಿಗೇ ಕುದಿಯುತ್ತದೆ. ಬಿಸಿನೀರು ಹಾಕಿ ಮುಚ್ಚಿಡುವ ಉಪ್ಪಿಟ್ಟು ಸರಿಯಾಗಿ ಅರಳುವುದಿಲ್ಲ, ಅವಲಕ್ಕಿಗೆ ತೊಂದರೆಯಿಲ್ಲ. ನೀವು ತಂದದ್ದನ್ನು ಸಿಬ್ಬಂದಿ ಬಿಸಿ ಮಾಡಿಕೊಡುವುದಿಲ್ಲ ಅಂತಲೇ ಲೆಕ್ಕ ಹಾಕಿ.

ಮಾರಿಗುಡಿ ಬೀದಿ:

ತುಂಬಾ ಉಪಕಾರ. ಅಮ್ಮನಿಗೆ ವಿಜೆಎಂಎಲ್ ಹಾಕಿಸಿದೆ. ಅಪ್ಪನಿಗೆ ಏನು ಹಾಕಲಿ? ಜಿಎಫ್‌ಎಂಎಲ್‌ನಲ್ಲಿ ಮೀನು ಬಂದರೆ ಅವರು ಆ ತಟ್ಟೆಯನ್ನೇ ಮುಟ್ಟುವವರಲ್ಲ.

ಕಾಳಿ ದಂಡೆ:

ಹಾಗಾದರೆ ಎಫ್‌ಪಿಎಂಎಲ್. ಹಣ್ಣಿನಲ್ಲಿ ಗೋಧಿಯೂ ಇಲ್ಲ, ಮಾಂಸವೂ ಇಲ್ಲ, ಹೊಟ್ಟೆಗೆ ಅವಲಕ್ಕಿ ಪೊಟ್ಟಣ ಇದೆ. ಜೊತೆಗೆ ಕಂಪನಿಗೆ ಕರೆ ಮಾಡಿ 'ಸಸ್ಯಾಹಾರಿ, ಸೀಲಿಯಾಕ್' ಅಂತ ಟಿಪ್ಪಣಿ ಹಾಕಲು ಕೇಳಿ, ಕೆಲವರು ಹಾಕುತ್ತಾರೆ. ತಟ್ಟೆಯ ಪಕ್ಕ ಎಲ್ಲರಿಗೂ ಇಡುವ ಬನ್ನು, ಬಿಸ್ಕತ್ತು ಇವರಿಗೂ ಇಟ್ಟುಬಿಡುತ್ತಾರೆ, ಹಣ್ಣಿಗೆ ತಾಗುವ ಮೊದಲೇ ವಾಪಸ್ ಕೊಡಲಿ. 'ನನಗೆ ಸೀಲಿಯಾಕ್ ಇದೆ, ಗೋಧಿ, ಬಾರ್ಲಿ, ರೈ ಮುಟ್ಟಿದ್ದು ಆಗದು, ಮಾಂಸ ಮೊಟ್ಟೆ ತಿನ್ನುವುದಿಲ್ಲ' ಅಂತ ಇಂಗ್ಲಿಷಿನಲ್ಲೂ ಜರ್ಮನ್ನಿನಲ್ಲೂ ಒಂದು ಕಾರ್ಡು ಬರೆದುಕೊಡಿ. ಫ್ರಾಂಕ್‌ಫರ್ಟಿನಲ್ಲಿ ಅದು ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಗೋಕರ್ಣ ರಸ್ತೆ (ಅಂಕೋಲಾ):

ಸೆಕ್ಯೂರಿಟಿ, ಕಸ್ಟಮ್ಸ್ ಬಗ್ಗೆ ಯಾರೂ ಹೇಳಿಲ್ಲ.

ಒಣಕೊಬ್ಬರಿ ಯಾವ ಬ್ಯಾಗಿನಲ್ಲೂ ಬೇಡ. ನಮ್ಮ ಕಡೆಯ ಬ್ಯಾಗುಗಳನ್ನು ತೆಗೆಸುವುದಕ್ಕೆ ಇದೊಂದು ದೊಡ್ಡ ಕಾರಣ. ಎಣ್ಣೆಯಂಶದಿಂದ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲ ವಸ್ತುಗಳ 4.2 ವರ್ಗದಲ್ಲಿ ಅದು ಬರುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ, ತುಪ್ಪ, ಮೊಸರು, ಜೋನಿಬೆಲ್ಲ ಎಲ್ಲ ಕೈಚೀಲದಲ್ಲಿ ದ್ರವದ ಲೆಕ್ಕವೇ: ಒಂದೊಂದು 100 ಮಿಲಿ, ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲ. ಇನ್ಸುಲಿನ್, ಅದರ ತಂಪು ಜೆಲ್ ಔಷಧಿಯ ವಿನಾಯಿತಿಗೆ ಬರುತ್ತದೆ, ಆದರೆ ತಪಾಸಣೆಯಲ್ಲಿ ಬೇರೆ ತಟ್ಟೆಗೆ ತೆಗೆದಿಟ್ಟು ಮೊದಲೇ ಹೇಳಬೇಕು. ಅಮೆರಿಕಕ್ಕೆ ಹೋಗುವ ವಿಮಾನಕ್ಕೆ 350 ಮಿಲಿಗಿಂತ ಹೆಚ್ಚು ಪುಡಿ ಕೈಯಲ್ಲಿದ್ದರೆ ಪ್ರತ್ಯೇಕ ತಪಾಸಣೆ, ಹಾಗಾಗಿ ಚಟ್ನಿಪುಡಿ, ಹುರಿಹಿಟ್ಟು ದೊಡ್ಡ ಬ್ಯಾಗಿಗೆ. ಫ್ರಾಂಕ್‌ಫರ್ಟಿನಲ್ಲಿ ಮತ್ತೊಮ್ಮೆ ತಪಾಸಣೆ ಆಗುತ್ತದೆ, ನೀರಿನ ಬಾಟಲಿ ಖಾಲಿ ಒಯ್ದು ಒಳಗೆ ತುಂಬಿಸಿಕೊಳ್ಳಲಿ.

ಯುರೋಪಿಗೆ ಹೊರಗಿನ ಹಾಲಿನ ಪದಾರ್ಥ ಒಯ್ಯಲು ಬಿಡುವುದಿಲ್ಲ. ಕಾಯಿಲೆಗೆ ಬೇಕಾದ ವಿಶೇಷ ಆಹಾರಕ್ಕೆ 2 ಕಿಲೋ ತನಕ ವಿನಾಯಿತಿ ಇದೆ, ಅಂಗಡಿಯ ಸೀಲು ಒಡೆಯದ ಪ್ಯಾಕೆಟ್ ಆಗಿದ್ದು ಫ್ರಿಜ್ ಬೇಡದಂತಿರಬೇಕು. ಟ್ರಾನ್ಸಿಟ್‌ನಿಂದ ಹೊರಗೆ ಬರದವರಿಗೆ ಈ ತಾಪತ್ರಯ ಕಡಿಮೆ, ಆದರೂ ಪೇಡೆಯಂಥದ್ದು ಹಾಕದಿರುವುದೇ ಲೇಸು. ಅಮೆರಿಕಕ್ಕೆ ಅಕ್ಕಿ, ಹಸಿ ಹಣ್ಣು, ಹಸಿ ಕರಿಬೇವು ಬೇಡ. ಅವಲಕ್ಕಿಗೂ ಕರಿಬೇವು ಹಾಕದಿರುವುದೇ ಲೇಸು. ವಿಮಾನದಲ್ಲಿ ಕೊಟ್ಟ ಸೇಬು, ಬಾಳೆಹಣ್ಣು ಚೀಲಕ್ಕೆ ಹಾಕಿಕೊಳ್ಳುವ ಅಭ್ಯಾಸ ಹಿರಿಯರಿಗೆ ಇರುತ್ತದೆ, ಅಪ್ಪನ ಹಣ್ಣಿನ ತಟ್ಟೆಯಲ್ಲಿ ಉಳಿದದ್ದನ್ನು ಇಳಿಯುವ ಮೊದಲು ಅಲ್ಲೇ ಬಿಡಲಿ. ಉಳಿದ ಪೊಟ್ಟಣ ಇದ್ದರೆ 'ಆಹಾರ ಇದೆ' ಅಂತ ತಾವಾಗಿ ಹೇಳಬೇಕು. ಹೇಳಿದ್ದನ್ನು ಹೆಚ್ಚೆಂದರೆ ತೆಗೆದುಕೊಳ್ಳುತ್ತಾರೆ, ಮುಚ್ಚಿಟ್ಟು ಸಿಕ್ಕರೆ ದಂಡ.

ಅಘನಾಶಿನಿ ತಟ:

ಒಂದು ಸೇರಿಸುತ್ತೇನೆ. ಷಿಕಾಗೊ ಇಮಿಗ್ರೇಷನ್ ಸಾಲು ಒಂದೂವರೆ, ಎರಡು ತಾಸು ಹಿಡಿಯಬಹುದು. ಇಳಿಯುವ ಒಂದು ತಾಸು ಮೊದಲು ಅಮ್ಮ ಸಕ್ಕರೆ ನೋಡಿಕೊಳ್ಳಲಿ, 100ಕ್ಕಿಂತ ಕಡಿಮೆ ಇದ್ದರೆ ಅವಲಕ್ಕಿ ಅರ್ಧ ಪೊಟ್ಟಣ ತಿಂದೇ ಏಳಲಿ. ವೀಲ್‌ಚೇರ್ ಟಿಕೆಟ್ಟಿಗೇ ಸೇರಿಸಿಬಿಡಿ. ಗ್ಲೂಕೋಸ್ ಮಾತ್ರೆ ಆ ಹೊತ್ತಿನಲ್ಲಿ ಮೇಲಿನ ಗೂಡಿನ ಬ್ಯಾಗಿನಲ್ಲಿ ಇರಬಾರದು, ಕಿಸೆಯಲ್ಲೇ ಇರಬೇಕು.