ಒಂದೇ ಸಾಂಬಾ ಸರ್ವರ್, ವಿಂಡೋಸ್ + ಮ್ಯಾಕ್ + ಉಬುಂಟು: ಒಬ್ಬರು ಸೇವ್ ಮಾಡಿದ್ದು ಇನ್ನೊಬ್ಬರಿಗೆ ರೀಡ್-ಓನ್ಲಿ

ಪುಟವಿನ್ಯಾಸ:
ಸರ್ವರ್ ಉಬುಂಟು 22.04, ಅದರಲ್ಲಿ ಸಾಂಬಾ (ಲಿನಕ್ಸ್ ಫೋಲ್ಡರನ್ನು ವಿಂಡೋಸ್, ಮ್ಯಾಕ್‌ಗೂ ಹಂಚುವ ಸಾಫ್ಟ್‌ವೇರ್). ಮೂರೂ ಥರದ ಸಿಸ್ಟಮ್‌ಗಳು ‘ಕಡತ’ ಅನ್ನೋ ಒಂದೇ ಶೇರ್ (ಹಂಚಿದ ಫೋಲ್ಡರ್) ಬಳಸುತ್ತವೆ. ಎಕ್ಸೆಲ್ ಫೈಲನ್ನು ಒಬ್ಬರು ಸೇವ್ ಮಾಡಿದ ಮೇಲೆ ಉಳಿದವರಿಗೆ ರೀಡ್-ಓನ್ಲಿ ಆಗುತ್ತದೆ. ಇನ್ನೊಂದು ವಿಚಿತ್ರ: ಹಳೆಯ ಮ್ಯಾಕ್ ಡಿಸ್ಕಿನಿಂದ ಆರ್‌ಸಿಂಕ್ (ಫೈಲ್ ನಕಲಿಸುವ ಕಮಾಂಡ್) ಮಾಡಿದ ಫೋಲ್ಡರ್‌ಗಳಲ್ಲಿ ‘ಹಾಸನ’ ಎಲ್ಲ ಕಡೆ ತೆರೆಯುತ್ತದೆ, ‘ಕೋಲಾರ’, ‘ಬೀದರ್’ ಮ್ಯಾಕ್‌ನಲ್ಲಿ ಕಂಡರೂ ತೆರೆಯುವುದಿಲ್ಲ. ಏನು ಮಾಡಬೇಕು?

ಬೇಗ_ಮುಗಿಸಿ:
ಸಿಎಚ್‌ಮಾಡ್ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟುಬಿಡಿ, ತಲೆನೋವು ಹೋಗುತ್ತೆ.

ಕರ್ನಲ್_ಕಟ್ಟೆ:
ಹೋಗಲ್ಲ ಸರ್. 777 ಈಗಿರುವ ಫೈಲ್‌ಗಳಿಗೆ ಮಾತ್ರ. ಎಕ್ಸೆಲ್ ಹಳೆಯ ಫೈಲಿನ ಮೇಲೇ ಬರೆಯುವುದಿಲ್ಲ. ಹೊಸ ತಾತ್ಕಾಲಿಕ ಫೈಲ್ ಬರೆದು ಅದಕ್ಕೆ ಹಳೆಯ ಹೆಸರಿಡುತ್ತದೆ. ಆ ಹೊಸ ಫೈಲಿಗೆ ಸೇವ್ ಮಾಡಿದವರ ಸ್ವಂತ ಗ್ರೂಪ್ ಬರುತ್ತದೆ. ಸಾಂಬಾದ ಡಿಫಾಲ್ಟ್ ಕ್ರಿಯೇಟ್ ಮಾಸ್ಕ್ (ಹೊಸ ಫೈಲಿಗೆ ಸಿಗುವ ಅನುಮತಿಯ ಮಿತಿ) 0744, ಅಂದರೆ ಗ್ರೂಪಿಗೆ ಓದಲಷ್ಟೇ ಅನುಮತಿ. ಮತ್ತೆ ಅದೇ ಗೋಳು.

‘ಕಚೇರಿ’ ಅಂತ ಒಂದು ಗ್ರೂಪ್ ಮಾಡಿ ಎಲ್ಲರನ್ನೂ ಸೇರಿಸಿ. ಸಾಂಬಾದ ಸೆಟ್ಟಿಂಗ್ ಫೈಲಿನಲ್ಲಿ (smb.conf) ಈ ಶೇರಿನ ಸೆಕ್ಷನ್‌ನಲ್ಲಿ:

ಫೋರ್ಸ್ ಗ್ರೂಪ್ = ಕಚೇರಿ
ಕ್ರಿಯೇಟ್ ಮಾಸ್ಕ್ = 0660
ಡೈರೆಕ್ಟರಿ ಮಾಸ್ಕ್ = 2770

ಈಗಾಗಲೇ ಇರುವುದರ ಗ್ರೂಪನ್ನೂ ಬದಲಿಸಿ, ಫೋಲ್ಡರ್‌ಗಳಿಗೆ 2770, ಫೈಲ್‌ಗಳಿಗೆ 660 ಅಂತ ‘ಫೈಂಡ್’ ಬಳಸಿ ಬೇರೆಬೇರೆಯಾಗಿ ಕೊಡಿ. 2770ರ ಮೊದಲ ಅಂಕಿ 2 ಇದ್ದರೆ ಒಳಗೆ ಹುಟ್ಟುವುದಕ್ಕೆಲ್ಲ ಫೋಲ್ಡರಿನ ಗ್ರೂಪೇ ಬರುತ್ತದೆ. ಟೆಸ್ಟ್‌ಪಾರ್ಮ್ (ಸೆಟ್ಟಿಂಗ್ ಫೈಲ್ ಪರೀಕ್ಷಿಸುವ ಕಮಾಂಡ್) ಓಡಿಸಿ ತಪ್ಪಿಲ್ಲ ಅಂತ ನೋಡಿಕೊಂಡೇ ರೀಲೋಡ್ ಮಾಡಿ. ಫೋರ್ಸ್ ಯೂಸರ್ (ಎಲ್ಲರನ್ನೂ ಒಬ್ಬನೇ ಬಳಕೆದಾರ ಅಂತ ನೋಡುವ ಸೆಟ್ಟಿಂಗ್) ಮಾತ್ರ ಹಾಕಬೇಡಿ, ಯಾರು ಯಾವ ಫೈಲ್ ಬರೆದರು ಅನ್ನೋದೇ ಅಳಿಸಿಹೋಗುತ್ತದೆ.

ಒತ್ತಕ್ಷರ:
ಕೋಲಾರದ ಕಥೆ ಅನುಮತಿಯದ್ದಲ್ಲ, ಯೂನಿಕೋಡ್‌ನದ್ದು. ‘ೋ’ ಅನ್ನು U+0CCB ಅಂತ ಒಂದೇ ಕೋಡ್ ಆಗಿಯೂ ಬರೆಯಬಹುದು, 0CC6, 0CC2, 0CD5 ಅಂತ ಮೂರಾಗಿ ಬಿಡಿಸಿಯೂ ಬರೆಯಬಹುದು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಮಾದರಿಯ ಡಿಸ್ಕ್ ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ, ಆರ್‌ಸಿಂಕ್ ಅದನ್ನು ಹಾಗೇ ಲಿನಕ್ಸಿಗೆ ತಂದಿದೆ. ಲಿನಕ್ಸಿಗೆ ಎರಡೂ ಬೇರೆ ಹೆಸರು. ಮ್ಯಾಕ್ ಸಾಂಬಾ ಮೂಲಕ ಕೇಳುವುದು ಕೂಡಿಸಿದ ರೂಪವನ್ನು, ಸಿಗುವುದಿಲ್ಲ. ಹೀಗೆ ಒಡೆಯುವುದು ೀ, ೇ, ೈ, ೊ, ೋ ಮಾತ್ರ. ‘ಹಾಸನ’ದಲ್ಲಿ ಅವ್ಯಾವುವೂ ಇಲ್ಲ, ಬಚಾವ್.

ಸರ್ವರ್‌ನಲ್ಲಿ ಕನ್ವ್‌ಎಂವಿ (ಫೈಲ್ ಹೆಸರುಗಳ ಕೋಡ್ ಬದಲಿಸುವ ಕಮಾಂಡ್, convmv) ಹಾಕಿ, ಎರಡೂ ಕಡೆ ಯುಟಿಎಫ್-8 ಕೊಟ್ಟು, --ಎನ್‌ಎಫ್‌ಸಿ (ಕೂಡಿಸಿದ ರೂಪ) ಜೊತೆ ಓಡಿಸಿ. ಬದಲಾಗಬೇಕಾದ ಹೆಸರುಗಳನ್ನು ತೋರಿಸುತ್ತದೆ ಅಷ್ಟೆ. --ನೋಟೆಸ್ಟ್ ಸೇರಿಸಿದಾಗ ನಿಜವಾಗಿ ಬದಲಿಸುತ್ತದೆ. ಅದಕ್ಕೆ ಮುಂಚೆ ಬ್ಯಾಕಪ್.

ಮ್ಯಾಕ್ ಇರುವುದರಿಂದ ಗ್ಲೋಬಲ್ ಸೆಕ್ಷನ್‌ನಲ್ಲಿ ‘ವಿಎಫ್‌ಎಸ್ ಆಬ್ಜೆಕ್ಟ್ಸ್ = ಕಟಿಯಾ ಫ್ರೂಟ್ ಸ್ಟ್ರೀಮ್ಸ್_ಎಕ್ಸ್‌ಅಟ್ಟರ್’ (ಮ್ಯಾಕ್‌ಗೆ ಬೇಕಾದ ಸಾಂಬಾ ಮಾಡ್ಯೂಲ್‌ಗಳು) ಇದೇ ಕ್ರಮದಲ್ಲಿ ಹಾಕಿ. ಒಂದು ಶೇರಿಗೆ ಹಾಕಿ ಇನ್ನೊಂದಕ್ಕೆ ಬಿಟ್ಟರೆ ಕೆಡುತ್ತದೆ, ಯಾಕೆಂದರೆ ಮ್ಯಾಕ್ ತನ್ನ ಹೆಚ್ಚುವರಿ ಸೌಲಭ್ಯಗಳನ್ನು ಮೊದಲು ತೆರೆದ ಶೇರಿನಲ್ಲೇ ಮಾತಾಡಿ ಮುಗಿಸುತ್ತದೆ.

ಪುಟವಿನ್ಯಾಸ:
ಕೋಲಾರ, ಬೀದರ್ ತೆರೆದವು! ಎಕ್ಸೆಲ್ ಕೂಡ ಸರಿ. ಆದರೆ ಆಮೇಲೆ ಗ್ರೂಪಿಗೆ ಸೇರಿಸಿದ ಒಬ್ಬರಿಗೆ ವಿಂಡೋಸ್‌ನಲ್ಲಿ ಇನ್ನೂ ‘ಆಕ್ಸೆಸ್ ಡಿನೈಡ್’.

ಕರ್ನಲ್_ಕಟ್ಟೆ:
ಗ್ರೂಪ್ ಪಟ್ಟಿಯನ್ನು ಲಾಗಿನ್ ಆಗುವಾಗ ಮಾತ್ರ ಓದುತ್ತದೆ. ಅವರು ವಿಂಡೋಸ್‌ನಿಂದ ಸೈನ್ ಔಟ್ ಆಗಿ ಮತ್ತೆ ಬರಲಿ. ಆಗಲೂ ಆಗದಿದ್ದರೆ ಅವರ ಹೆಸರಿಗೆ smbpasswd -a (ಸಾಂಬಾ ಪಾಸ್‌ವರ್ಡ್ ಇಡುವ ಕಮಾಂಡ್) ಕೊಟ್ಟಿದ್ದೀರಾ ನೋಡಿ. ಲಿನಕ್ಸ್ ಪಾಸ್‌ವರ್ಡ್ ಬೇರೆ, ಸಾಂಬಾದ್ದು ಬೇರೆ.